ಗ್ರಹಗಳು ಚಿತ್ರಕ್ಕೆ ಸಿಕ್ಕ ಬಗೆ

ನಮ್ಮ ಶಾಲೆ ಬಾಗಿಲು ತೆರೆದದ್ದು 1975ರ ಜೂನ್ ತಿಂಗಳಲ್ಲಿ. ಅದಕ್ಕೆ ಎರಡು ತಿಂಗಳು ಮುಂಚೆ, ಏಪ್ರಿಲ್ 19ರಂದು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ‘ಆರ್ಯಭಟ’ ಉಪಗ್ರಹ ಸೋವಿಯತ್ ರಾಕೆಟ್ಟನ್ನೇರಿ ಆಕಾಶಕ್ಕೆ ಹೋಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಫಿಲ್ಮ್ ಇಲ್ಲದ ಕ್ಯಾಮೆರಾವೊಂದನ್ನು ಜೋಡಿಸಿದರು. ಮೂರೂವರೆ ಕಿಲೋಗಿಂತ ಹೆಚ್ಚು ತೂಕದ ಆ ಪೆಟ್ಟಿಗೆ ಕೇವಲ ಹತ್ತು ಸಾವಿರ ಚುಕ್ಕಿಗಳ ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಇಂದು ನಮ್ಮೂರಿನ ಯಾರ ಜೇಬಿನಲ್ಲಾದರೂ ಇರುವ ಮೊಬೈಲು ಅದರ ಸಾವಿರಾರು ಪಟ್ಟು ಚುಕ್ಕಿಗಳ ಚಿತ್ರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆಯುತ್ತದೆ. ಅಂದರೆ ನಮ್ಮ ಶಾಲೆಗೂ ಡಿಜಿಟಲ್ ಕ್ಯಾಮೆರಾಕ್ಕೂ ಒಂದೇ ವಯಸ್ಸು.

ಈ ಸುವರ್ಣ ಮಹೋತ್ಸವದ ನೆನಪಿಗೆ 2005ರ ಎಸ್.ಎಸ್.ಎಲ್.ಸಿ. ತಂಡದವರಾದ ನಾವು ಶಾಲೆಗೆ ಒಂದು ದೂರದರ್ಶಕ ಕೊಡುತ್ತಿದ್ದೇವೆ. ದೊಡ್ಡದೇನಲ್ಲ. ಐದು ಇಂಚಿನ, ಅಂದರೆ 130 ಮಿಲಿಮೀಟರ್ ಅಗಲದ ಕನ್ನಡಿಯಿರುವ, ಹೊಸಬರು ಕಲಿಯಲು ಬಳಸುವ ಉಪಕರಣ. ಜೊತೆಗೆ ಮೊಬೈಲನ್ನು ಅದಕ್ಕೆ ಕಚ್ಚಿಸುವ ಒಂದು ಹಿಡಿಕೆ. “ಇದರಲ್ಲಿ ಗ್ರಹದ ಫೋಟೋ ಬರುತ್ತದೆಯೇ?” ಎಂದು ಸಮಿತಿಯ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ಬರುತ್ತದೆ. ಆದರೆ ಹೇಗೆ ಬರುತ್ತದೆ, ಅಲ್ಲಿಯವರೆಗೆ ಮನುಷ್ಯ ಎಷ್ಟು ದೂರ ನಡೆದುಬಂದ ಎಂಬುದು ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಆ ಇತಿಹಾಸವನ್ನು ಇಲ್ಲಿ ಬರೆದಿದ್ದೇನೆ.

ಕೈಬರಹದ ಕಾಲ

1610ರ ಜನವರಿ 7ರ ರಾತ್ರಿ ಇಟಲಿಯ ಪಡುವಾ ಪಟ್ಟಣದಲ್ಲಿ ಗೆಲಿಲಿಯೋ ತಾನೇ ಮಾಡಿಕೊಂಡ ದೂರದರ್ಶಕವನ್ನು ಗುರುಗ್ರಹದತ್ತ ತಿರುಗಿಸಿದ. ಗುರುವಿನ ಪಕ್ಕದಲ್ಲಿ ಮೂರು ಚುಕ್ಕಿಗಳು ಕಂಡವು. ಅವನು ಮಾಡಿದ್ದು ಸರಳ ಕೆಲಸ: ಕಾಗದದ ಮೇಲೆ ಒಂದು ವೃತ್ತ, ಅದರ ಅಕ್ಕಪಕ್ಕ ಚುಕ್ಕಿಗಳು. ಮರುದಿನ ನೋಡಿದರೆ ಚುಕ್ಕಿಗಳು ಜಾಗ ಬದಲಿಸಿದ್ದವು. ಜನವರಿ 13ರ ಹೊತ್ತಿಗೆ ನಾಲ್ಕಾದವು. ದಿನದಿನದ ಆ ಗೆರೆಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ಅವು ಗುರುವನ್ನು ಸುತ್ತುವ ಚಂದ್ರರು ಎಂಬುದು ಸ್ಪಷ್ಟವಾಯಿತು. ಒಂದು ದಿನದ ಚಿತ್ರ ಏನನ್ನೂ ಹೇಳುತ್ತಿರಲಿಲ್ಲ. ಸಾಲು ಚಿತ್ರಗಳು ಎಲ್ಲವನ್ನೂ ಹೇಳಿದವು. ಈ ಮಾತನ್ನು ಮಕ್ಕಳು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅದೇ ವರ್ಷ ಅವನು ಶನಿಯನ್ನೂ ನೋಡಿದ. ಆ ಚಿಕ್ಕ ಮಸೂರದಲ್ಲಿ ಉಂಗುರ ಉಂಗುರವಾಗಿ ಕಾಣಲಿಲ್ಲ. ನಡುವೆ ಒಂದು ದೊಡ್ಡ ಗೋಲ, ಎರಡು ಪಕ್ಕ ಎರಡು ಚಿಕ್ಕ ಗೋಲ ಇದ್ದಂತೆ ಕಂಡಿತು. 1612ರಲ್ಲಿ ಪಕ್ಕದವೆರಡೂ ಮಾಯವಾದವು! ಅವನಿಗೆ ದಿಗಿಲಾಯಿತು. ಉಂಗುರವು ನಮ್ಮ ಕಡೆಗೆ ಅಂಚು ತೋರಿಸಿ ನಿಂತಾಗ ಕಾಣದಂತಾಗುತ್ತದೆ ಎಂಬ ವಿವರಣೆಯನ್ನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಕೊಟ್ಟದ್ದು 1659ರಲ್ಲಿ. ಸುಮಾರು ಅರ್ಧ ಶತಮಾನ ಯುರೋಪಿನ ವಿದ್ವಾಂಸರು ಒಬ್ಬೊಬ್ಬರು ಒಂದೊಂದು ರೀತಿ ಶನಿಯ ಚಿತ್ರ ಬರೆದರು. ಕಣ್ಣು ಕಂಡದ್ದನ್ನು ಕೈ ಬರೆಯುತ್ತದೆ, ಆದರೆ ನಡುವೆ ಮನಸ್ಸು ತನ್ನದೂ ಸ್ವಲ್ಪ ಸೇರಿಸುತ್ತದೆ.

ಬೆಳಕೇ ಬರೆಯುವ ಚಿತ್ರ

ಮನಸ್ಸಿನ ಕೈವಾಡವಿಲ್ಲದೆ ಬೆಳಕೇ ಚಿತ್ರ ಬರೆಯುವ ವಿದ್ಯೆ ಜಗತ್ತಿಗೆ ತಿಳಿದದ್ದು 1839ರಲ್ಲಿ, ಪ್ಯಾರಿಸ್ಸಿನ ಲೂಯಿ ಡಾಗೇರ್ ತನ್ನ ವಿಧಾನವನ್ನು ಬಹಿರಂಗಪಡಿಸಿದಾಗ. ಬೆಳ್ಳಿ ಲೇಪಿಸಿದ ತಾಮ್ರದ ಹಲಗೆಗೆ ಅಯೋಡಿನ್ ಹೊಗೆ ಹಿಡಿಸಿ, ಬೆಳಕಿಗೊಡ್ಡಿ, ಪಾದರಸದ ಆವಿಯಿಂದ ಚಿತ್ರ ಮೂಡಿಸುವ ವಿಧಾನ ಅದು. ಮರುವರ್ಷವೇ, 1840ರಲ್ಲಿ, ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರ್ ಇಪ್ಪತ್ತು ನಿಮಿಷ ಹಲಗೆಯನ್ನು ಒಡ್ಡಿ ಚಂದ್ರನ ಚಿತ್ರ ಪಡೆದ. 1850ರಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಅಭಿಜಿತ್ ನಕ್ಷತ್ರದ ಚಿತ್ರ ಬಂತು.

ಚಂದ್ರ ಸಿಕ್ಕ, ನಕ್ಷತ್ರ ಸಿಕ್ಕಿತು, ಗ್ರಹಗಳು ಮಾತ್ರ ಸುಲಭಕ್ಕೆ ಸಿಗಲಿಲ್ಲ. ಏಕೆ? ನಮ್ಮ ಶಾಲೆಯ ಮೈದಾನದಲ್ಲಿ ನೂರು ಮೀಟರ್ ಓಟದ ಗೆರೆ ಹಾಕುತ್ತೇವಲ್ಲ, ಅದರ ಒಂದು ತುದಿಯಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಇನ್ನೊಂದು ತುದಿಯಿಂದ ನೋಡಿ. ಗುರುಗ್ರಹ ನಮಗೆ ಹತ್ತಿರವಿದ್ದಾಗ ಕಾಣುವ ಗಾತ್ರ ಅಷ್ಟೇ. ಚಂದ್ರನ ಅಗಲದಲ್ಲಿ ಅದು ನಲವತ್ತರಲ್ಲೊಂದು ಪಾಲು. ಆ ನಾಣ್ಯದ ಮೇಲಿನ ಅಕ್ಷರವನ್ನು ಅಲ್ಲಿಂದಲೇ ಫೋಟೋ ತೆಗೆಯಬೇಕು. ಅದೂ ಬೇಸಿಗೆಯ ಮಧ್ಯಾಹ್ನ ಟಾರು ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ಲ, ಅಂಥ ಗಾಳಿಯ ಮೂಲಕ. ಈ ನಡುಗುವ ಗಾಳಿಯ ತೊಂದರೆಯನ್ನು ನ್ಯೂಟನ್ 1704ರ ತನ್ನ ಬೆಳಕಿನ ಗ್ರಂಥದಲ್ಲೇ ಹೇಳಿದ್ದ. ಎತ್ತರದ ಬೆಟ್ಟಗಳ ತುದಿಯಲ್ಲಿ ಗಾಳಿ ಶಾಂತವಾಗಿರಬಹುದು, ಅದೊಂದೇ ಪರಿಹಾರ ಎಂದಿದ್ದ.

ಸೂಕ್ಷ್ಮ ಒಣ ಫಲಕಗಳು ಬಂದ ಮೇಲೆ, 1885-86ರಲ್ಲಿ, ಪ್ಯಾರಿಸ್ ವೀಕ್ಷಣಾಲಯದ ಪೌಲ್ ಮತ್ತು ಪ್ರಾಸ್ಪರ್ ಹೆನ್ರಿ ಎಂಬ ಅಣ್ಣತಮ್ಮಂದಿರು ತಾವೇ ಉಜ್ಜಿ ಮಾಡಿದ 33 ಸೆಂಟಿಮೀಟರ್ ಮಸೂರದ ದೂರದರ್ಶಕದಿಂದ ಗುರು ಮತ್ತು ಶನಿಯ ಒಳ್ಳೆಯ ಚಿತ್ರಗಳನ್ನು ತೆಗೆದರು. ಗುರುವಿನ ಪಟ್ಟೆಗಳೂ ಶನಿಯ ಉಂಗುರವೂ ಗಾಜಿನ ಮೇಲೆ ಮೂಡಿದವು. ಆದರೂ ಒಳ್ಳೆಯ ಕಣ್ಣಿನವನು ಅದೇ ದೂರದರ್ಶಕದಲ್ಲಿ ಇಣುಕಿ ನೋಡಿದರೆ ಫಲಕಕ್ಕಿಂತ ಹೆಚ್ಚು ಕಾಣುತ್ತಿತ್ತು. ಕಾರಣ ಇಷ್ಟೇ: ಗಾಳಿ ಒಂದು ಗಳಿಗೆ ಶಾಂತವಾದಾಗ ಕಣ್ಣು ಆ ಗಳಿಗೆಯನ್ನು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಫಲಕಕ್ಕೆ ಆ ಆಯ್ಕೆಯಿಲ್ಲ. ಒಳ್ಳೆಯ ಗಳಿಗೆ, ಕೆಟ್ಟ ಗಳಿಗೆ ಎರಡನ್ನೂ ಒಟ್ಟಿಗೆ ಕಲಸಿಬಿಡುತ್ತದೆ.

ಮಂಗಳನ ಕಾಲುವೆಗಳು ಮತ್ತು ಶಾಲೆಯ ಹುಡುಗರು

ಕಣ್ಣು ಮೇಲೋ ಫೋಟೋ ಮೇಲೋ ಎಂಬ ಪ್ರಶ್ನೆ ದೊಡ್ಡ ಜಗಳವೇ ಆದದ್ದು ಮಂಗಳನ ವಿಷಯದಲ್ಲಿ. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಮಂಗಳನ ಮೇಲೆ ನೇರ ಗೆರೆಗಳನ್ನು ಕಂಡು ಅವಕ್ಕೆ ‘ಕನಾಲಿ’ ಎಂದು ಹೆಸರಿಟ್ಟ. ಇಟಾಲಿಯನ್ನಿನಲ್ಲಿ ಆ ಮಾತಿಗೆ ತಾನಾಗಿ ಆದ ಹಳ್ಳ ಎಂಬ ಅರ್ಥವೂ ಇದೆ, ತೋಡಿದ ನಾಲೆ ಎಂಬ ಅರ್ಥವೂ ಇದೆ. ಇಂಗ್ಲಿಷಿಗೆ ಬರುವಾಗ ಅದು ತೋಡಿದ ನಾಲೆಯಾಗಿಬಿಟ್ಟಿತು. ಅಮೆರಿಕದ ಶ್ರೀಮಂತ ಪರ್ಸಿವಲ್ ಲೊವೆಲ್ 1894ರಲ್ಲಿ ಅರಿಝೋನಾದಲ್ಲಿ ಸ್ವಂತ ಹಣದಿಂದ ವೀಕ್ಷಣಾಲಯವನ್ನೇ ಕಟ್ಟಿಸಿ, ನೂರಾರು ಕಾಲುವೆಗಳ ನಕ್ಷೆ ಬರೆದ. ಒಣಗುತ್ತಿರುವ ಗ್ರಹದಲ್ಲಿ ಬುದ್ಧಿವಂತ ಜೀವಿಗಳು ಧ್ರುವದ ಹಿಮದ ನೀರನ್ನು ಹೊಲಗಳಿಗೆ ಹರಿಸುತ್ತಿದ್ದಾರೆ ಎಂದು ಪುಸ್ತಕಗಳನ್ನು ಬರೆದ. ಕೆರೆ-ಕಾಲುವೆಯನ್ನೇ ನೆಚ್ಚಿರುವ ನಮ್ಮಂಥ ಬಯಲುಸೀಮೆಯ ಜನಕ್ಕೆ ಈ ಕಥೆ ಎಷ್ಟು ಚೆನ್ನಾಗಿ ಹಿಡಿಸುತ್ತದೆಂದು ಹೇಳಬೇಕಾಗಿಲ್ಲ. ಜಗತ್ತಿಗೂ ಹಿಡಿಸಿತು.

ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಎಡ್ವರ್ಡ್ ವಾಲ್ಟರ್ ಮೌಂಡರ್ ಅವರಿಗೆ ಮಾತ್ರ ಅನುಮಾನ. ಅವರು ಅಲ್ಲಿನ ಶಾಲೆಯೊಂದರ ಹುಡುಗರನ್ನು ಕೂರಿಸಿ, ಶಾಲೆಯ ಮುಖ್ಯೋಪಾಧ್ಯಾಯರಾದ ಇವಾನ್ಸ್ ಅವರ ಜೊತೆಗೂಡಿ ಒಂದು ಪ್ರಯೋಗ ಮಾಡಿದರು. ಫಲಿತಾಂಶ ಪ್ರಕಟವಾದದ್ದು 1903ರಲ್ಲಿ. ಗೋಡೆಗೆ ಮಂಗಳನ ಒಂದು ಚಿತ್ರ ಹಚ್ಚಿದರು. ಅದರಲ್ಲಿ ಕಾಲುವೆಯ ಗೆರೆಗಳಿರಲಿಲ್ಲ; ಕಲೆಗಳು, ಚುಕ್ಕಿಗಳು, ಅಂಕುಡೊಂಕು ಗುರುತುಗಳಿದ್ದವು. ಕಂಡದ್ದನ್ನು ಕಂಡಂತೆ ಬರೆಯಿರಿ ಎಂದರು. ಹತ್ತಿರ ಕೂತವರು ವಿವರಗಳನ್ನು ಬಿಡಿಬಿಡಿಯಾಗಿ ಬರೆದರು. ತೀರ ಹಿಂದೆ ಕೂತವರಿಗೆ ಅವು ಕಾಣಲಿಲ್ಲ. ನಡುವಿನ ದೂರದಲ್ಲಿ ಕೂತ ಹಲವರು ನೇರ ಗೆರೆ ಎಳೆದರು! ಕಣ್ಣಿಗೆ ಆಗೀಗ ಎಟುಕುವ ಬಿಡಿ ಚುಕ್ಕಿಗಳನ್ನು ಮನಸ್ಸು ಗೆರೆಯಾಗಿ ಜೋಡಿಸುತ್ತದೆ ಎಂಬುದು ಸಾಬೀತಾಯಿತು. ಲೊವೆಲ್ ಇದನ್ನು ‘ಸಣ್ಣ ಹುಡುಗರ ಸಿದ್ಧಾಂತ’ ಎಂದು ಲೇವಡಿ ಮಾಡಿದ. ಆದರೆ ಗೆದ್ದದ್ದು ಹುಡುಗರೇ.

ಲೊವೆಲ್‌ಗೂ ಗೊತ್ತಿತ್ತು, ಫೋಟೋ ಬಂದರೆ ಬಾಯಿ ಮುಚ್ಚಿಸಬಹುದೆಂದು. 1905ರಲ್ಲಿ ಅವನ ಸಹಾಯಕ ಕಾರ್ಲ್ ಲ್ಯಾಂಪ್‌ಲ್ಯಾಂಡ್ ಮಂಗಳನ ಚಿತ್ರಗಳನ್ನು ತೆಗೆದ. ಒಂದೇ ಫಲಕದ ಮೇಲೆ ಸಾಲುಸಾಲಾಗಿ ಹಲವು ಚಿತ್ರ. ಯಾವುದಾದರೂ ಒಂದು ಒಳ್ಳೆಯ ಗಳಿಗೆಗೆ ಬಿದ್ದೀತು ಎಂಬ ಲೆಕ್ಕ. ಒಂದೊಂದು ಚಿತ್ರವೂ ಕೆಲವೇ ಮಿಲಿಮೀಟರ್ ಅಗಲ. ಅದರಲ್ಲಿ ಕಾಲುವೆ ಇದೆ ಎಂದವರಿಗೆ ಇತ್ತು, ಇಲ್ಲ ಎಂದವರಿಗೆ ಇರಲಿಲ್ಲ. ಪುಸ್ತಕದಲ್ಲಿ ಅಚ್ಚಾಗುವಾಗ ಸೂಕ್ಷ್ಮ ವಿವರವೆಲ್ಲ ಅಳಿಸಿಹೋಗುತ್ತಿತ್ತು. 1909ರಲ್ಲಿ ಪ್ಯಾರಿಸ್ ಹತ್ತಿರದ ಮ್ಯೂಡಾನ್‌ನ 83 ಸೆಂಟಿಮೀಟರ್ ದೂರದರ್ಶಕದಲ್ಲಿ ಆಂಟೋನಿಯಾಡಿ ಎಂಬ ನುರಿತ ವೀಕ್ಷಕ ಮಂಗಳನನ್ನು ನೋಡಿದಾಗ ಗೆರೆಗಳು ಒಡೆದು ಅಸಂಖ್ಯ ಸಣ್ಣ ಕಲೆಗಳಾದವು. ಕೊನೆಯ ತೀರ್ಪು ಬಂದದ್ದು 1965ರ ಜುಲೈಯಲ್ಲಿ. ಮ್ಯಾರಿನರ್-4 ನೌಕೆ ಮಂಗಳನ ಹತ್ತಿರ ಹಾದುಹೋಗುತ್ತ ಕಳಿಸಿದ ಇಪ್ಪತ್ತೆರಡು ಚಿತ್ರಗಳಲ್ಲಿ ಕುಳಿಗಳಿದ್ದವು, ಕಾಲುವೆ ಒಂದೂ ಇರಲಿಲ್ಲ.

ಒಂದು ಚಿತ್ರದಿಂದ ಸಾವಿರ ಚಿತ್ರಕ್ಕೆ

ಗ್ರಹದ ಫೋಟೋಕ್ಕೆ ಒಂದು ಚಿತ್ರ ಸಾಲದು, ಬೇಗಬೇಗ ಹಲವು ಚಿತ್ರ ಬೇಕು. ಈ ದಾರಿಯಲ್ಲಿ ಮೊದಲು ಹೆಜ್ಜೆಯಿಟ್ಟವರು ಫ್ರಾನ್ಸಿನ ಪಿಯೆರ್ ಜಾನ್ಸೆನ್. 1868ರ ಸೂರ್ಯಗ್ರಹಣ ನೋಡಲು ನಮ್ಮ ಪಕ್ಕದ ಆಂಧ್ರದ ಗುಂಟೂರಿಗೆ ಬಂದಿದ್ದವರು ಇವರೇ. 1874ರ ಡಿಸೆಂಬರ್ 9ರ ಶುಕ್ರ ಸಂಕ್ರಮಣಕ್ಕೆ ಅವರು ಜಪಾನಿಗೆ ಹೋದರು. ಸೂರ್ಯಬಿಂಬದ ಮುಂದೆ ಶುಕ್ರ ಹಾದುಹೋಗುವುದನ್ನು ಹಿಡಿಯಲು ಪಿಸ್ತೂಲಿನ ಗುಂಡಿನ ಚಕ್ರದಂತೆ ತಿರುಗುವ ಕ್ಯಾಮೆರಾ ಮಾಡಿಸಿದ್ದರು. ಅದು 72 ಸೆಕೆಂಡಿನಲ್ಲಿ 48 ಚಿತ್ರ ತೆಗೆಯುತ್ತಿತ್ತು. ಸಿನಿಮಾ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮುಂಚಿನ ಮಾತಿದು.

ಮುಂದಿನ ಶುಕ್ರ ಸಂಕ್ರಮಣಗಳಲ್ಲಿ ಒಂದನ್ನು ನಮ್ಮ ತಂಡ ಇದೇ ಶಾಲೆಯ ಅಂಗಳದಲ್ಲಿ ಕಂಡಿತು. 2004ರ ಜೂನ್ 8, ಮಂಗಳವಾರ. ಶಾಲೆ ಶುರುವಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಯಾರಿಂದಲೋ ಬೈನಾಕ್ಯುಲರ್ ತಂದು, ಅದರ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಸೂರ್ಯನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿದರು. ಮೋಡದ ನಡುವೆ ಬಿಸಿಲು ಬಂದಾಗಲೆಲ್ಲ ಸಾಲಿನಲ್ಲಿ ಬಂದು ನೋಡಿದೆವು: ಬೆಳಕಿನ ವೃತ್ತದಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕಿ. ಮೇಷ್ಟ್ರು ಪೆನ್ಸಿಲಿನಿಂದ ರಟ್ಟಿನ ಮೇಲೆಯೇ ಅದರ ಜಾಗ ಗುರುತಿಸಿ ಪಕ್ಕದಲ್ಲಿ ಗಂಟೆ ಬರೆಯುತ್ತಿದ್ದರು. ಸಂಜೆಯ ಹೊತ್ತಿಗೆ ಗುರುತುಗಳೆಲ್ಲ ಒಂದು ಗೆರೆಯಾಗಿದ್ದವು. ಜಾನ್ಸೆನ್ ಹೆಸರು ನನಗೆ ಆಗ ಗೊತ್ತಿರಲಿಲ್ಲ. ಈಗ ಓದುವಾಗಲೆಲ್ಲ ಆ ರಟ್ಟು ನೆನಪಾಗುತ್ತದೆ.

ಫಿಲ್ಮಿನ ಕಾಲದಲ್ಲೂ ಕೆಲವು ಛಾಯಾಗ್ರಾಹಕರು ಹಲವು ನೆಗೆಟಿವ್‌ಗಳನ್ನು ಆರಿಸಿ, ಒಂದೇ ಕಾಗದದ ಮೇಲೆ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಮುದ್ರಿಸುತ್ತಿದ್ದರು. ಫಿಲ್ಮಿನ ಒರಟು ಕಣಗಳು ಇದರಿಂದ ಮರೆಯಾಗುತ್ತಿದ್ದವು. ಆದರೆ ಕತ್ತಲ ಕೋಣೆಯಲ್ಲಿ ಗಂಟೆಗಟ್ಟಲೆ ದುಡಿಮೆ. ಸೇರಿಸಲು ಸಾಧ್ಯವಾಗುತ್ತಿದ್ದದ್ದು ಬೆರಳೆಣಿಕೆಯಷ್ಟು ಚಿತ್ರ.

ಫಿಲ್ಮು ಹೋಗಿ ಸಿಲಿಕಾನ್ ಬಂತು

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸಾಧನವನ್ನು ರೂಪಿಸಿದರು. ಇದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಸಿಸಿಡಿ ಎಂದರೆ, ಹೊಲದಲ್ಲಿ ಸಾಲಾಗಿ ಬಕೆಟ್ ಇಟ್ಟು ಮಳೆ ಹಿಡಿದಂತೆ. ಮಳೆ ನಿಂತ ಮೇಲೆ ಒಂದೊಂದು ಬಕೆಟಿನ ನೀರನ್ನೂ ಕೈಯಿಂದ ಕೈಗೆ ದಾಟಿಸಿ ಕೊನೆಯಲ್ಲಿ ಅಳೆಯುವುದು. ಮಳೆಯ ಬದಲು ಬೆಳಕು, ಬಕೆಟಿನ ಬದಲು ಸಿಲಿಕಾನಿನ ಮೇಲಿನ ಕಣ್ಣಿಗೆ ಕಾಣದ ಗುಳಿಗಳು, ನೀರಿನ ಬದಲು ಎಲೆಕ್ಟ್ರಾನು. ಫಿಲ್ಮು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಕೆಲವೇ ಪಾಲನ್ನು ಬಳಸಿಕೊಳ್ಳುತ್ತದೆ. ಸಿಸಿಡಿ ಅದರ ಎಷ್ಟೋ ಪಟ್ಟು ಹೆಚ್ಚು ಬಳಸಿಕೊಳ್ಳುತ್ತದೆ.

1976ರಲ್ಲಿ, ನಮ್ಮ ಶಾಲೆಗೆ ಒಂದು ವರ್ಷ ತುಂಬುವ ಕಾಲಕ್ಕೆ, ಅರಿಝೋನಾ ವಿಶ್ವವಿದ್ಯಾಲಯದ 61 ಇಂಚಿನ ದೂರದರ್ಶಕಕ್ಕೆ ಇಂಥ ಸಿಸಿಡಿ ಕ್ಯಾಮೆರಾ ಜೋಡಿಸಿ ಯುರೇನಸ್ ಗ್ರಹದ ಚಿತ್ರ ತೆಗೆದರು. ವೃತ್ತಿಪರ ಖಗೋಳ ವಿಜ್ಞಾನದಲ್ಲಿ ಸಿಸಿಡಿಯ ಕಾಲ ಅಲ್ಲಿಂದ ಶುರುವಾಯಿತು. ಮರುವರ್ಷ 1977ರ ಮಾರ್ಚ್ 10ರಂದು ಅದೇ ಯುರೇನಸ್ ಒಂದು ನಕ್ಷತ್ರಕ್ಕೆ ಅಡ್ಡ ಬಂದಾಗ, ನಕ್ಷತ್ರದ ಬೆಳಕು ಮುಂಚೆಯೇ ಮಿಣುಕಿದ್ದರಿಂದ ಯುರೇನಸ್‌ಗೂ ಉಂಗುರಗಳಿವೆ ಎಂದು ತಿಳಿಯಿತು. ಆ ರಾತ್ರಿ ಅದನ್ನು ಅಳೆದವರಲ್ಲಿ ತಮಿಳುನಾಡಿನ ಕವಲೂರು ವೀಕ್ಷಣಾಲಯದವರೂ ಇದ್ದರು. ಕವಲೂರನ್ನು ನಡೆಸುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ.

ಸಿಸಿಡಿ ದುಬಾರಿಯಾಗಿತ್ತು. 1990ರ ದಶಕದಲ್ಲಿ ಬಾಹ್ಯಾಕಾಶ ನೌಕೆಗಳಿಗೆ ಹಗುರವಾದ, ಕಡಿಮೆ ವಿದ್ಯುತ್ ಸಾಕಾಗುವ ಕ್ಯಾಮೆರಾ ಬೇಕೆಂದು ನಾಸಾದ ಜೆಪಿಎಲ್‌ನಲ್ಲಿ ಎರಿಕ್ ಫೋಸಮ್ ಅವರ ತಂಡ ಸಿಮಾಸ್ ಸಂವೇದಕವನ್ನು ಅಭಿವೃದ್ಧಿಪಡಿಸಿತು. ಇಂದು ನಿಮ್ಮ ಮೊಬೈಲಿನಲ್ಲಿರುವುದು ಅದೇ ವಂಶದ್ದು. ಗ್ರಹಗಳಿಗಾಗಿ ಹುಟ್ಟಿದ ಕಣ್ಣು ನಮ್ಮ ಜೇಬಿಗೆ ಬಂತು; ಈಗ ಅದನ್ನೇ ಮತ್ತೆ ಗ್ರಹಗಳತ್ತ ತಿರುಗಿಸುತ್ತಿದ್ದೇವೆ.

ಹವ್ಯಾಸಿಗಳ ಸರದಿ

1978ರಲ್ಲಿ ಡೇವಿಡ್ ಫ್ರೀಡ್ ಎಂಬ ವಿಜ್ಞಾನಿ ಒಂದು ಲೆಕ್ಕ ಹಾಕಿದ್ದರು: ತೀರ ಕಡಿಮೆ ಹೊತ್ತಿನ ಚಿತ್ರಗಳನ್ನು ಬೇಕಾದಷ್ಟು ತೆಗೆದರೆ, ಗಾಳಿ ಅಲುಗದ ಅದೃಷ್ಟದ ಗಳಿಗೆಯ ಚಿತ್ರ ಎಷ್ಟಕ್ಕೊಂದು ಸಿಕ್ಕೀತು? ಆ ಲೆಕ್ಕ ಹವ್ಯಾಸಿಗಳ ಕೈಗೆ ಬಂದದ್ದು ವೆಬ್‌ಕ್ಯಾಮ್ ಮೂಲಕ. ಕಂಪ್ಯೂಟರಿನ ಮುಂದೆ ಕೂತು ಮಾತಾಡಲು ಮಾಡಿದ ಆ ಅಗ್ಗದ ಕ್ಯಾಮೆರಾದ ಮಸೂರ ಬಿಚ್ಚಿ, ದೂರದರ್ಶಕಕ್ಕೆ ಸಿಕ್ಕಿಸಿ, ವಿಡಿಯೋ ತೆಗೆದರು. 2000ರ ದಶಕದ ಆರಂಭದಲ್ಲಿ ಹಾಲೆಂಡಿನ ಕೋರ್ ಬೆರೆವೂಟ್ಸ್ ‘ರೆಜಿಸ್ಟ್ಯಾಕ್ಸ್’ ಎಂಬ ತಂತ್ರಾಂಶ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಹೆನ್ರಿ ಸೋದರರ ಫಲಕಕ್ಕೆ ಆಗದಿದ್ದ ಆಯ್ಕೆಯ ಕೆಲಸವನ್ನು ಈಗ ಯಂತ್ರ ಮಾಡತೊಡಗಿತು.

ಅದು ಮಾಡುವುದೇನು? ಎರಡು ನಿಮಿಷದ ವಿಡಿಯೋದಲ್ಲಿ, ಸೆಕೆಂಡಿಗೆ ಮೂವತ್ತರಂತೆ, 3600 ಚಿತ್ರಗಳಿರುತ್ತವೆ. ತಂತ್ರಾಂಶ ಒಂದೊಂದನ್ನೂ ಪರೀಕ್ಷಿಸಿ, ಸ್ಪಷ್ಟವಾದ ಹತ್ತರಲ್ಲೊಂದು ಪಾಲು, ಅಂದರೆ 360 ಚಿತ್ರಗಳನ್ನು ಆರಿಸುತ್ತದೆ. ಗ್ರಹ ಅಲುಗಾಡಿದ್ದನ್ನು ಸರಿಪಡಿಸಿ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುತ್ತದೆ. ಪ್ರಯೋಗಾಲಯದಲ್ಲಿ ತಂತಿಯ ದಪ್ಪವನ್ನು ಐದಾರು ಸಲ ಅಳೆದು ಸರಾಸರಿ ತೆಗೆಯಿರಿ ಎಂದು ಮೇಷ್ಟ್ರು ಹೇಳುತ್ತಾರಲ್ಲ, ಅದೇ ನಿಯಮ. ಅಳತೆಯ ಸಂಖ್ಯೆ ನೂರು ಪಟ್ಟಾದರೆ ಏರುಪೇರು ಹತ್ತನೇ ಒಂದಕ್ಕಿಳಿಯುತ್ತದೆ. 360 ಚಿತ್ರ ಸೇರಿದರೆ ಸುಮಾರು ಹತ್ತೊಂಬತ್ತರಲ್ಲಿ ಒಂದಕ್ಕೆ. ತಂತ್ರಾಂಶದ ಕೆಲಸದಲ್ಲೇ ಹೊಟ್ಟೆ ಹೊರೆಯುವ ನನಗೆ ಇದರಲ್ಲಿ ಇಷ್ಟವಾದದ್ದು, ಒಂಬತ್ತನೇ ತರಗತಿಯ ಲೆಕ್ಕದಿಂದಲೇ ಇದರ ತಿರುಳು ಅರ್ಥವಾಗುತ್ತದೆ ಎಂಬುದು.

ಹವ್ಯಾಸಿಗಳು ಚಂದದ ಚಿತ್ರಕ್ಕೆ ನಿಲ್ಲಲಿಲ್ಲ. 2006ರ ಫೆಬ್ರವರಿಯಲ್ಲಿ ಫಿಲಿಪ್ಪೀನ್ಸಿನ ಕ್ರಿಸ್ಟೋಫರ್ ಗೋ, ಗುರುವಿನ ಒಂದು ಬಿಳಿ ಸುಳಿ ಕೆಂಪಾಗಿರುವುದನ್ನು ತಮ್ಮ ಚಿತ್ರದಲ್ಲಿ ಗುರುತಿಸಿದರು. 2009ರ ಜುಲೈ 19ರ ರಾತ್ರಿ ಆಸ್ಟ್ರೇಲಿಯಾದ ಆಂಥನಿ ವೆಸ್ಲಿ ತಮ್ಮ ಹಿತ್ತಲಿನ ಹದಿನಾಲ್ಕೂವರೆ ಇಂಚಿನ ದೂರದರ್ಶಕದಲ್ಲಿ ಗುರುವಿನ ಮೇಲೆ ಹೊಸ ಕಪ್ಪು ಕಲೆ ಕಂಡರು. ಯಾವುದೋ ಆಕಾಶಕಾಯ ಗುರುವಿಗೆ ಬಡಿದಿತ್ತು. ಅವರ ಸುದ್ದಿ ತಿಳಿದ ಮೇಲೆ ಹವಾಯಿಯ ನಾಸಾ ದೂರದರ್ಶಕ ಅತ್ತ ತಿರುಗಿ ಅದನ್ನು ಖಚಿತಪಡಿಸಿತು. ಆ ವೆಸ್ಲಿಯವರ ಉದ್ಯೋಗ ಕಂಪ್ಯೂಟರ್ ಪ್ರೋಗ್ರಾಮಿಂಗ್. ಗುರುವನ್ನು ಸುತ್ತಿದ ಜೂನೋ ನೌಕೆಯ ತಂಡದವರೂ ಹವ್ಯಾಸಿಗಳ ಚಿತ್ರಗಳನ್ನು ಬಳಸಿಕೊಂಡಿದ್ದಾರೆ. ದೊಡ್ಡ ದೂರದರ್ಶಕಗಳಿಗೆ ಪ್ರತಿ ರಾತ್ರಿ ಒಂದೇ ಗ್ರಹವನ್ನು ಕಾಯುತ್ತ ಕೂರಲು ಪುರುಸೊತ್ತಿಲ್ಲ.

ನಮ್ಮವರ ಪಾಲೂ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಅದರ ಕ್ಯಾಮೆರಾ ಗ್ರಹದ ಪೂರ್ತಿ ಬಿಂಬವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಿತು. ಅದರ ಸಂದೇಶಗಳನ್ನು ಹಿಡಿಯಲು ದುಡಿದದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದ 32 ಮೀಟರ್ ಅಗಲದ ಆಂಟೆನಾ. ಒಂದು ಹಳ್ಳಿಯ ಹೆಸರು ಮಂಗಳನ ಚರಿತ್ರೆಯಲ್ಲಿ ಸೇರಿತು.

ಸುಳ್ಳು ಚಿತ್ರ, ನಿಜ ಚಿತ್ರ

2003ರ ಆಗಸ್ಟ್ 27ರಂದು ಮಂಗಳ ಭೂಮಿಗೆ ಸುಮಾರು 5.58 ಕೋಟಿ ಕಿಲೋಮೀಟರ್ ದೂರಕ್ಕೆ ಬಂದಿತ್ತು. ಸುಮಾರು ಅರವತ್ತು ಸಾವಿರ ವರ್ಷಗಳಲ್ಲಿ ಅದೇ ಅತಿ ಹತ್ತಿರ. ‘75 ಪಟ್ಟು ದೊಡ್ಡದಾಗಿ ತೋರಿಸುವ ದೂರದರ್ಶಕದಲ್ಲಿ ನೋಡಿದರೆ ಮಂಗಳ ಬರಿಗಣ್ಣಿನ ಹುಣ್ಣಿಮೆ ಚಂದ್ರನಷ್ಟು ಕಾಣುತ್ತದೆ’ ಎಂಬ ಸರಿಯಾದ ಮಾತು ಮಿಂಚಂಚೆಯಲ್ಲಿ ಹರಡಿತು. ಹರಡುತ್ತ ಹರಡುತ್ತ ದೂರದರ್ಶಕ ಬಿದ್ದುಹೋಗಿ, ‘ಆಕಾಶದಲ್ಲಿ ಎರಡು ಚಂದ್ರ’ ಎಂಬುದಷ್ಟೇ ಉಳಿಯಿತು. ಪ್ರತಿ ಆಗಸ್ಟ್‌ನಲ್ಲಿ ಆ ಸುದ್ದಿ ಮತ್ತೆ ಎದ್ದುಬರುತ್ತದೆ. ಈಗ ವಾಟ್ಸಾಪಿನಲ್ಲಿ ಚಿತ್ರಸಮೇತ.

ನಮ್ಮ ಮಕ್ಕಳ ಮುಂದಿರುವ ಸವಾಲು ಇದೇ. ಲೊವೆಲ್ ಕಾಲದಲ್ಲಿ ಮನಸ್ಸು ಗೆರೆ ಎಳೆಯುತ್ತಿತ್ತು, ಈಗ ಯಂತ್ರವೇ ಎಳೆಯುತ್ತದೆ. ಚಂದ್ರನ ಫೋಟೋ ತೆಗೆದರೆ ಮಸೂರಕ್ಕೆ ಕಾಣದ ವಿವರವನ್ನೂ ತಾವೇ ತುಂಬುವ ಮೊಬೈಲುಗಳು ಬಂದಿವೆ. ಗ್ರಹದ ಚಿತ್ರವನ್ನು ತಂತ್ರಾಂಶದಲ್ಲಿ ಹೆಚ್ಚು ಹರಿತ ಮಾಡಿದರೆ ಇಲ್ಲದ ಉಂಗುರ, ಇಲ್ಲದ ಗೆರೆ ಮೂಡುತ್ತವೆ. ಕಂಪ್ಯೂಟರಿಗೆ ಹೇಳಿದರೆ ಎಂಥ ಗ್ರಹವನ್ನಾದರೂ ಚಿತ್ರಿಸಿಕೊಡುತ್ತದೆ. ಇವೆಲ್ಲದರ ನಡುವೆ ‘ಇದು ನಾನು ಕಂಡದ್ದು, ಇಂಥ ದಿನ, ಇಷ್ಟು ಗಂಟೆಗೆ, ಈ ಮೈದಾನದಿಂದ’ ಎಂದು ಹೇಳಬಲ್ಲ ಮಸುಕಾದ ಒಂದು ಚಿತ್ರಕ್ಕೆ ಬೆಲೆ ಹೆಚ್ಚು. ದೂರದರ್ಶಕ ಕೊಡುವಾಗ ನಮ್ಮ ಮನಸ್ಸಿನಲ್ಲಿದ್ದದ್ದು ಇಷ್ಟೇ. ವಿಜ್ಞಾನದ ಅಭ್ಯಾಸ ಅಂದರೆ ಕಂಡದ್ದನ್ನು ಕಂಡಷ್ಟೇ ಹೇಳುವ ಅಭ್ಯಾಸ.

ನಮ್ಮ ಮೈದಾನದಿಂದ

ಇನ್ನು ಬಳಸುವ ಬಗೆ. ಮೊದಲ ಮಾತು, ಕೊನೆಯ ಮಾತು ಎರಡೂ ಒಂದೇ: ದೂರದರ್ಶಕವನ್ನು ಸೂರ್ಯನ ಕಡೆ ತಿರುಗಿಸಿ ಇಣುಕಬಾರದು. ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಹಗಲು ಹೊತ್ತು ಅದು ಮೇಷ್ಟ್ರ ಕಣ್ಣಳತೆಯಲ್ಲೇ ಇರಬೇಕು.

ಗ್ರಹಗಳು ಪ್ರಕಾಶಮಾನವಾಗಿರುವುದರಿಂದ ಸರ್ಕಲ್ಲಿನ ಹೈಮಾಸ್ಟ್ ದೀಪದಿಂದ ಅಷ್ಟಾಗಿ ತೊಂದರೆಯಿಲ್ಲ. ತೊಂದರೆ ಬಿಸಿಯಿಂದ. ತಾರಸಿಯ ಮೇಲೆ ಇಡಬೇಡಿ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೆಲ್ಲ ಬಿಸಿ ಉಗುಳಿ ಚಿತ್ರವನ್ನು ನಡುಗಿಸುತ್ತದೆ. ಮೈದಾನದ ಮಣ್ಣಿನ ಮೇಲಿಡಿ. ನೋಡುವುದಕ್ಕೆ ಮುಂಚೆ ಮುಕ್ಕಾಲು ಗಂಟೆ ಹೊರಗಿಟ್ಟು ಕನ್ನಡಿ ತಣ್ಣಗಾಗಲು ಬಿಡಿ. ಗ್ರಹ ನೆತ್ತಿಯ ಹತ್ತಿರ ಬಂದಾಗ ಫೋಟೋ ತೆಗೆಯಿರಿ. ಆಗ ನಡುವಿನ ಗಾಳಿ ಕಡಿಮೆ. ಈ ವಿಷಯದಲ್ಲಿ ನಾವು ಭಾಗ್ಯವಂತರು. ಲಂಡನ್ನಿನವರಿಗೆ ಗ್ರಹಗಳು ಎಷ್ಟೋ ವರ್ಷ ದಿಗಂತದ ಹತ್ತಿರವೇ ತೆವಳುತ್ತವೆ, ನಮ್ಮ ಅಕ್ಷಾಂಶದಲ್ಲಿ ಎತ್ತರಕ್ಕೇರುತ್ತವೆ.

ಮೊಬೈಲನ್ನು ಹಿಡಿಕೆಗೆ ಕಚ್ಚಿಸಿ, ಫೋಟೋ ಬದಲು ವಿಡಿಯೋ ತೆಗೆಯಿರಿ. ಬೆಳಕಿನ ಪ್ರಮಾಣವನ್ನು ತಗ್ಗಿಸಿ. ಇಲ್ಲದಿದ್ದರೆ ಗುರು ಬರೀ ಬಿಳಿ ಉಂಡೆಯಾಗುತ್ತದೆ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗುವುದರಿಂದ ವಿಡಿಯೋ ಎರಡು-ಮೂರು ನಿಮಿಷ ಮೀರದಿರಲಿ. ಕಂಪ್ಯೂಟರ್ ಕೊಠಡಿಯ ಯಂತ್ರದಲ್ಲಿ ಬೇಕಾದ ಉಚಿತ ತಂತ್ರಾಂಶಗಳನ್ನು ನಾವು ಹಾಕಿಕೊಡುತ್ತೇವೆ. ಇಂಥದೇ ಉಪಕರಣದಿಂದ ಬೆಂಗಳೂರಿನಲ್ಲಿ ನಾನು ತೆಗೆದ ಚಿತ್ರಗಳಲ್ಲಿ ಗುರುವಿನ ಎರಡು ಕಂದು ಪಟ್ಟೆಗಳು, ನಾಲ್ಕು ಚಂದ್ರರು ಚೆನ್ನಾಗಿ ಬಂದಿವೆ. ಪತ್ರಿಕೆಯಲ್ಲಿ ಬರುವ ಹಬಲ್ ಚಿತ್ರದಂತೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹೆನ್ರಿ ಸೋದರರು ಪಟ್ಟ ಪಾಡನ್ನು ನೆನೆದರೆ ಇದು ಕಡಿಮೆಯೇನಲ್ಲ.

ಹಿಡಿಯಲು ಒಳ್ಳೆಯ ಕಾಲ ಇದು: 2026ರ ಜನವರಿಯಲ್ಲಿ ಗುರು, ಅಕ್ಟೋಬರ್‌ನಲ್ಲಿ ಶನಿ, 2027ರ ಫೆಬ್ರವರಿಯಲ್ಲಿ ಮಂಗಳ, ಗುರು ಎರಡೂ ಸೂರ್ಯನ ಎದುರು ಬದಿಗೆ ಬಂದು ರಾತ್ರಿಯಿಡೀ ಕಾಣುತ್ತವೆ.

ಕೊನೆಯದಾಗಿ ಒಂದು ಕೋರಿಕೆ. 2025ರ ಮಾರ್ಚ್‌ನಲ್ಲಿ ಶನಿಯ ಉಂಗುರ ನಮಗೆ ಅಂಚು ತೋರಿಸಿ ನಿಂತಿತ್ತು, 1612ರಲ್ಲಿ ಗೆಲಿಲಿಯೋನನ್ನು ಕಂಗೆಡಿಸಿದ ಹಾಗೆಯೇ. ಆ ವರ್ಷ ಅದು ಸೂಜಿಯಷ್ಟು ತೆಳ್ಳಗಿತ್ತು. ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತ 2032ರ ಹೊತ್ತಿಗೆ ಪೂರ್ತಿ ಅಗಲವಾಗುತ್ತದೆ, ಮತ್ತೆ ಕಿರಿದಾಗುತ್ತ 2038-39ರಲ್ಲಿ ಅಂಚಿಗೆ ಬರುತ್ತದೆ. ದೂರದರ್ಶಕದ ಜೊತೆ ಗಟ್ಟಿ ರಟ್ಟಿನ ಒಂದು ದೊಡ್ಡ ಪುಸ್ತಕ ಕೊಡುತ್ತಿದ್ದೇವೆ. ಪ್ರತಿ ವರ್ಷ ಶನಿಯ ಒಂದೇ ಒಂದು ಚಿತ್ರ ತೆಗೆದು, ಅದಕ್ಕೆ ಅಂಟಿಸಿ, ದಿನಾಂಕ, ಸಮಯ, ತೆಗೆದವರ ಹೆಸರು, ತರಗತಿ ಬರೆಯಿರಿ. ಎಂಟನೆಯ ತರಗತಿಗೆ ಬಂದ ಮಗು ಹತ್ತು ಮುಗಿಸಿ ಹೋಗುವಾಗ ಮುಂದಿನವರ ಕೈಗೆ ಪುಸ್ತಕ ಕೊಟ್ಟು ಹೋಗಲಿ. ಕೊಡೈಕೆನಾಲ್‌ನಲ್ಲಿ 1904ರಿಂದ ಸೂರ್ಯನ ಚಿತ್ರ ತೆಗೆದಿಡುತ್ತ ಬಂದಿದ್ದಾರೆ. ತಲೆಮಾರುಗಳು ಬದಲಾದರೂ ಸಾಲು ನಿಂತಿಲ್ಲ. ಆ ಸಾಲಿಗೇ ಬೆಲೆ.

ಸರ್ಕಾರಿ ಶಾಲೆಗೆ ಬಂದ ಒಳ್ಳೆಯ ಸಾಮಾನು ಒಡೆದೀತೆಂಬ ಭಯಕ್ಕೆ ಬೀರು ಸೇರುವುದುಂಟು. ಶಿಕ್ಷಕ ವೃಂದದಲ್ಲಿ ವಿನಂತಿ: ಇದನ್ನು ಬೀರುವಿನಲ್ಲಿಡಬೇಡಿ. ಒಡೆದರೆ ಒಡೆಯಲಿ, ರಿಪೇರಿ ಮಾಡಿಸಿಕೊಡುವ ಹೊಣೆ ನಮ್ಮ ತಂಡದ್ದು. ಊರಿನ ಹಿರಿಯರಲ್ಲಿ ವಿನಂತಿ: ತಿಂಗಳಿಗೊಂದು ಸಂಜೆ ಹೆಣ್ಣುಮಕ್ಕಳೂ ಸೇರಿ ಎಲ್ಲ ಮಕ್ಕಳನ್ನು ಮೈದಾನಕ್ಕೆ ಕಳಿಸಿ, ನೀವೂ ಬನ್ನಿ. 2035ರಲ್ಲಿ ಶಾಲೆಗೆ ಅರವತ್ತು ತುಂಬುವಾಗ ಆ ಪುಸ್ತಕದಲ್ಲಿ ಹತ್ತು ಶನಿಗಳು ಸಾಲಾಗಿ ಇರಲಿ.



– ಹಳೆಯ ವಿದ್ಯಾರ್ಥಿ, ಬಿ.ಇ.
2005ರ ಎಸ್.ಎಸ್.ಎಲ್.ಸಿ. ತಂಡ